ಕಟ್ಟೆ ಕಂಡಲ್ಲಿ ಮಾತ್ರ ನಿಲ್ಲುವ ಬೈಕು

ಆಳಂದ ಬಸ್ ನಿಲ್ದಾಣದ ಎದುರಿಗೆ ನೋಟುಬುಕ್ಕು, ಪೆನ್ನು, ಗೋಂದು ಮಾರುವ ಅಂಗಡಿ ನನ್ನದು. ಇಷ್ಟು ಬಿಟ್ಟರೆ ಈ ಭೂಮಂಡಲದಲ್ಲಿ ಜಗದೇವ ಎಂಬ ನಾನು ನನ್ನದೆಂದು ಎದೆ ತಟ್ಟಿ ಹೇಳಿಕೊಳ್ಳಬಹುದಾದದ್ದು ಇನ್ನೊಂದೇ: ನನ್ನ ಹೆಂಡತಿಯ ಸ್ಕೂಟರಿನ ಹಿಂದಿನ ಸೀಟು.

ಹೆಂಡತಿ ಮಧುಮತಿ ಪಶು ಆಸ್ಪತ್ರೆಯಲ್ಲಿ ನೌಕರಿ ಮಾಡುತ್ತಾಳೆ. ಊರೂರಿಗೆ ಸ್ಕೂಟರಿನಲ್ಲಿ ಹೋಗಿ, ಒದೆಯುವ ಎಮ್ಮೆಯನ್ನು ಮಾತಿನಲ್ಲೇ ತಣ್ಣಗೆ ಮಾಡಿ, ಸೂಜಿ ಚುಚ್ಚಿ ಬರುವ ಗಟ್ಟಿಗಿತ್ತಿ. ಎತ್ತರದಲ್ಲಿ ನನಗಿಂತ ಒಂದು ಗೇಣು ಮೇಲು. (ಮದುವೆಯ ಫೋಟೋದಲ್ಲಿ ಇಬ್ಬರೂ ಸರಿಸಮ ಕಾಣುತ್ತೇವೆ. ನನ್ನ ಕಾಲ ಕೆಳಗಿದ್ದ ಇಟ್ಟಿಗೆಗಳು ಧೋತರದಲ್ಲಿ ಮುಚ್ಚಿಹೋಗಿವೆ.) ಅವಳಿಗೆ ಮದುವೆಗೆ ಮೊದಲೇ ಲೈಸೆನ್ಸ್ ಇತ್ತು. ನನಗೆ ಸೈಕಲ್ಲು ಬರುತ್ತಿತ್ತು. ಹೀಗಾಗಿ ಯಾರು ಮುಂದೆ, ಯಾರು ಹಿಂದೆ ಎಂಬ ಚರ್ಚೆಯೇ ನಮ್ಮ ಸಂಸಾರದಲ್ಲಿ ಹುಟ್ಟಲಿಲ್ಲ.

ಹುಟ್ಟಿಸಿದವನು ಅವಳ ತಮ್ಮ ಪೀರಪ್ಪ. ಅವಳ ತವರುಮನೆ ಅಫಜಲಪುರದಲ್ಲಿದೆ. ನಮ್ಮ ಸ್ಕೂಟರು ಆ ಓಣಿಗೆ ತಿರುಗಿತೋ ಇಲ್ಲವೋ, ಈ ಆಸಾಮಿ ಬಾಗಿಲಿಗೆ ಬಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಾನೆ.

"ಯವ್ವಾ, ಜಲ್ದಿ ಹೊರಗ ಬಾ! ಅಕ್ಕ ಬಂದಾಳ, ಪಾರ್ಸಲ್ ತಂದಾಳ!"

ಆಮೇಲೆ ನನ್ನ ಎರಡೂ ತೋಳು ಹಿಡಿದು, "ಇಳೀರಿ ಮಾವಾ. ಒಡಿಯೂ ಸಾಮಾನು ಏನಿಲ್ಲಲ್ಲ?" ಎನ್ನುತ್ತಾನೆ. ನಮ್ಮತ್ತೆ ಭಾಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಅಳಿಯನ ಮೇಲಿನ ಗೌರವಕ್ಕೆ ಅಂತ ನಾನು ಬಹಳ ವರ್ಷ ನಂಬಿದ್ದೆ. ಹೋದ ನಾಗರಪಂಚಮಿಗೆ ಆ ಓಣಿಯ ಹುಡುಗರೆಲ್ಲ "ಪಾರ್ಸಲ್ ಮಾವ ಬಂದ" ಎಂದು ಸ್ಕೂಟರಿನ ಹಿಂದೆ ಓಡಿಬಂದರು. ಶೇಂಗಾ ಉಂಡೆ ಗಂಟಲಲ್ಲಿ ಇಳಿಯಲಿಲ್ಲ. ಅವತ್ತೇ ಅವರ ಜೋಕಾಲಿಯ ಮೇಲೆ ಕೂತು ಭೀಷ್ಮ ಪ್ರತಿಜ್ಞೆ ಮಾಡಿದೆ: ಬರುವ ಪಂಚಮಿಗೆ ನಾನು ಮುಂದೆ, ಮಧುಮತಿ ಹಿಂದೆ. ಪೀರಪ್ಪನ ಬಾಯಿಂದ ಪಾರ್ಸಲ್ ಎಂಬ ಶಬ್ದ ಇನ್ನು ಹೊರಡಕೂಡದು.

ಯಾವ ಗಾಡಿ ಎಂಬುದನ್ನು ತೀರ್ಮಾನಿಸಿದ್ದು ಹಿರೋಳ್ಳಿಯ ಕೆಸರು. ಒಂದು ಭಾನುವಾರ ಅಲ್ಲಿ ಯಾರದೋ ಎಮ್ಮೆಗೆ ಹೊಟ್ಟೆ ಉಬ್ಬರಿಸಿದೆ ಎಂದು ಫೋನ್ ಬಂತು. ಹಗ್ಗ ಹಿಡಿಯುವುದಕ್ಕೆ ನನ್ನನ್ನೂ ಕರೆದುಕೊಂಡು ಹೊರಟಳು. ಮಳೆ ಬಿದ್ದ ಎರೆಮಣ್ಣಿನ ಹಾದಿ. ಮಣ್ಣು ಚಕ್ರಕ್ಕೆ ಮೆತ್ತಿ, ಮಡ್‌ಗಾರ್ಡಿಗೆ ತುಂಬಿ, ಸ್ಕೂಟರು ಗೂಟದಂತೆ ನಿಂತುಬಿಟ್ಟಿತು. ಇಳಿದು ನೂಕಿದೆ. ಎಡಗಾಲಿನ ಚಪ್ಪಲಿ ಭೂಗರ್ಭ ಸೇರಿತು. ಆಗಲೇ ಒಬ್ಬ ಯುವಕ ಎತ್ತರದ ಬೈಕಿನಲ್ಲಿ ಬಂದ. ಅದರ ಮಡ್‌ಗಾರ್ಡು ಚಕ್ರದಿಂದ ಒಂದು ಮೊಳ ಮೇಲಿತ್ತು, ಟೈರಿಗೆ ಹಲ್ಲುಗಳಿದ್ದವು. ಅವನು ಕೆಸರಿನಲ್ಲಿ ಸರ್ರನೆ ಹಾದುಹೋದ. ಅವನ ಕೆಸರೆಲ್ಲ ನನ್ನ ಮುಖದ ಮೇಲೆ. ಕಣ್ಣೊರೆಸಿಕೊಂಡು ನೋಡಿದಾಗ ನನ್ನ ಭವಿಷ್ಯ ಸ್ಪಷ್ಟವಾಗಿ ಕಂಡಿತು.

"ಆಫ್‌ರೋಡ್ ಬೈಕು ತಗೋತೇನಿ," ಎಂದೆ ರಾತ್ರಿ ಊಟಕ್ಕೆ ಕೂತಾಗ.

ಮಧುಮತಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಅಂಗಡಿ ಮನೀ ಬಾಜೂಕ ಅದ. ಅಲ್ಲಿಗೆ ಹೋಗಾಕ ಗುಡ್ಡಾ ಹತ್ತೂ ಗಾಡಿ ಯಾಕ್ರಿ?"

"ಅಂಗಡಿಗಲ್ಲ. ಅಫಜಲಪುರಕ್ಕ."

"ಅಲ್ಲೀಮಟ ಡಾಂಬರ್ ರಸ್ತೆ ಅದ."

"ರಸ್ತೆ ಡಾಂಬರ್ ಇರಬಹುದು, ನಿನ್ನ ತಮ್ಮ ಕೆಸರು!" ಎಂದುಬಿಟ್ಟೆ.

ಜಗಳವಾಗುತ್ತದೆ ಎಂದು ತಟ್ಟೆ ಹಿಡಿದುಕೊಂಡು ಸಿದ್ಧನಾದೆ. ಅವಳು ಸ್ವಲ್ಪ ಯೋಚಿಸಿ, "ಆಯ್ತು, ತಗೋರಿ. ಹಿರೋಳ್ಳಿ ಹಾದಿಗೂ ಬರ್ತದ," ಎಂದಳು. ನನಗೆ ಶಾಕ್ ಹೊಡೆಯಿತು. ಮದುವೆಯಾದ ಮೇಲೆ ನನ್ನ ಮಾತೊಂದು ಇಷ್ಟು ಸಲೀಸಾಗಿ ಪಾಸಾದದ್ದು ಅದೇ ಮೊದಲು. ಅನುಮಾನ ಬರಬೇಕಿತ್ತು, ಬರಲಿಲ್ಲ.

ಲರ್ನಿಂಗ್ ಲೈಸೆನ್ಸ್ ಮಾಡಿಸಿಕೊಂಡು ಕಲಬುರಗಿಯ ಶೋರೂಮಿಗೆ ಹೋದೆವು. ಜಮೀರ ಎಂಬ ಸೇಲ್ಸಿನ ಹುಡುಗ ಎದುರಾದ.

"ಯಾವ ಉಪಯೋಗಕ್ಕ ಬೇಕ್ರಿ ಸರ್?"

"ಕೆಸರು, ಕಲ್ಲು, ಹಳ್ಳ, ಮಾವನ ಮನಿ," ಎಂದೆ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿದ್ದ ಒಂದು ಹಳದಿ ಬೈಕು. ಅದರ ಮೇಲೆ ಕೈಯಿಟ್ಟೆ. ಜಮೀರ ಗಾಬರಿಯಾದ. "ಅದು ಬ್ಯಾಡ್ರಿ ಸರ್. ಬರೇ ರೇಸಿನ ಗಾಡಿ. ಲೈಟಿಲ್ಲ, ಹಾರ್ನಿಲ್ಲ, ನಂಬರ್ ಪ್ಲೇಟಿಗೆ ಜಾಗಾನೂ ಇಲ್ಲ. ಆರ್‌ಟಿಓದಾಗ ಪಾಸಿಂಗ್ ಆಗಂಗಿಲ್ಲ, ರೋಡಿಗೆ ಇಳಸಾಕ ಬರಂಗಿಲ್ಲ."

ಮಧುಮತಿ ಬೆಲೆಯ ಚೀಟಿ ನೋಡಿ ಹೌಹಾರಿದಳು. "ಲೈಟಿಲ್ಲ, ಹಾರ್ನಿಲ್ಲ, ಅದಕ್ಕ ರೊಕ್ಕಾ ಜಾಸ್ತಿ? ಹಾರ್ನ್ ಇಲ್ಲದ ಗಾಡೀಗೆ ನಮ್ಮೂರ ಎಮ್ಮಿ ಹೆಂಗ ಸರೀತಾವ?"

ಪಕ್ಕದಲ್ಲಿ ಲೈಟು, ಹಾರ್ನು, ಇಂಡಿಕೇಟರು ಎಲ್ಲ ಇದ್ದ, ರಸ್ತೆಗೂ ಹೊಲಕ್ಕೂ ನಡೆಯುವ ಕೆಂಪು ಬೈಕು ನಿಂತಿತ್ತು. ಮಧುಮತಿ ಅದನ್ನು ಸುತ್ತುಹಾಕಿದಳು. ಟ್ಯಾಂಕಿನ ಪಕ್ಕೆ ತಟ್ಟಿದಳು, ಬಗ್ಗಿ ಹೊಟ್ಟೆ ನೋಡಿದಳು, ಹಿಂದಿನ ಚಕ್ರಕ್ಕೆ ಕೈಯಾಡಿಸಿದಳು. "ಕಾಲು ಉದ್ದ, ಹೊಟ್ಟಿ ಮ್ಯಾಲ. ಇದು ಹಾಲಿನ ಜಾತಿ ಅಲ್ಲ, ಒದಿಯೂ ಜಾತಿ," ಎಂದು ತೀರ್ಪು ಕೊಟ್ಟಳು. ಅವಳ ದನಿಯಲ್ಲಿ ಮೆಚ್ಚುಗೆ ಇತ್ತು.

ನಾನು ಏರಿ ಕೂತೆ. ಬೈಕಿನ ಎರಡೂ ಬದಿಗೆ ಕಾರ್ಪೆಟ್ ಹೊದಿಸಿದ ಹಲಗೆಯ ವೇದಿಕೆ, ನಡುವಿನ ತಗ್ಗಿನಲ್ಲಿ ಚಕ್ರ. ಶೋರೂಮಿನ ಅಲಂಕಾರವೇ ಹಾಗೆ. ನನ್ನ ಎರಡೂ ಪಾದ ವೇದಿಕೆಯ ಮೇಲೆ ಆರಾಮಾಗಿ ಊರಿದವು.

"ನೋಡಿದೇನು? ಕಾಲು ಮುಟ್ಟತಾವ!" ಎಂದೆ.

"ನೋಡಿದೆ," ಎಂದಳು ಮಧುಮತಿ. ಅವಳು ನೋಡುತ್ತಿದ್ದುದು ಹಲಗೆಯನ್ನು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಗಾಡಿ ಪಾಸಿಂಗ್ ಆಗಬೇಕಾದರೆ ಮೊದಲು ವಿಮೆ ಆಗಬೇಕಲ್ಲ. ನಮ್ಮ ಪಕ್ಕದ ಮನೆಯ ಖುರ್ಷಿದಬೇಗಂ ಅವರ ಮಗ ಆಫ್ತಾಬ ವಿಮೆ ಏಜೆಂಟ್. ನಗುನಗುತ್ತ ಕೈಕಾಲು ಮುರಿಯುವ ಮಾತಾಡುವುದು ಅವನ ವೃತ್ತಿ. ಚಹಾ ಹೀರುತ್ತ ಶುರುಮಾಡಿದ.

"ನೋಡ್ರಿ ಜಗದೇವಣ್ಣಾ, ನೀವು ಮಂದೀಗೆ ಗುದ್ದಿದ್ರ ಥರ್ಡ್ ಪಾರ್ಟಿ. ಅದು ಕಾಯ್ದೆ ಪ್ರಕಾರ ಬೇಕೇ ಬೇಕು. ಗಾಡಿ ಮುರದ್ರ ಅದಕ್ಕ ಬ್ಯಾರೆ. ಇನ್ನ ಮಾಲಕರು ಮುರದ್ರ ಅದಕ್ಕ ಬ್ಯಾರೆ. ಎರಡೂ ಕಾಲು ಹೋದ್ರ ಪೂರಾ ರಕಂ. ಒಂದ ಕಾಲು ಹೋದ್ರ ಅರ್ಧಾ. ಎರಡೂ ಕಣ್ಣಿಗೆ ಪೂರಾ, ಒಂದ ಕಣ್ಣಿಗೆ ಅರ್ಧಾ."

ನನಗೆ ಚಹಾ ನೆತ್ತಿಗೇರಿತು. ಮಧುಮತಿ ಮಾತ್ರ ಗಮನವಿಟ್ಟು ಕೇಳುತ್ತಿದ್ದಳು.

"ಬಾಯಿ ಹೋದ್ರ?"

"ಬಾಯಿಗೆ ಏನೂ ಇಲ್ರಿ ಭಾಭಿ."

"ಹಂಗಾರ ಅದೊಂದು ಖಾಯಂ ಉಳೀತದ," ಎಂದು ನಿಟ್ಟುಸಿರು ಬಿಟ್ಟಳು.

ಆಫ್ತಾಬ ನನ್ನ ಲೈಸೆನ್ಸ್ ಕೇಳಿದ. ಲರ್ನಿಂಗ್ ಕಾಗದವನ್ನು ಹೆಮ್ಮೆಯಿಂದ ಮುಂದಿಟ್ಟೆ. ಅವನ ನಗು ಆರಿಹೋಯಿತು.

"ತೌಬಾ! ಲರ್ನಿಂಗಾ? ಮಾಲಕರ ಅಪಘಾತ ವಿಮಾಕ್ಕ ಪಕ್ಕಾ ಲೈಸೆನ್ಸ್ ಬೇಕ್ರಿ. ಮ್ಯಾಲ ನೀವು ಗಾಡಿ ಹೊಡಿಬೇಕಂದ್ರ ಹಿಂದೂ ಮುಂದೂ ಎಲ್ ಬೋರ್ಡ್ ಇರಬೇಕು, ನಿಮ್ಮ ಹಿಂದ ಕಲಸವ್ರು ಲೈಸೆನ್ಸ್ ಇದ್ದವ್ರು ಕುಂದ್ರಬೇಕು. ಜೇವರ್ಗಿ ಒಳಗ ನಮ್ಮ ಗಿರಾಕಿ ಒಬ್ಬ ಹಿಂಗೇ ಲರ್ನಿಂಗ್ ಮ್ಯಾಲ ಹೋಗಿ ಬಂಡೀಗೆ ಗುದ್ದಿದ. ಕಂಪನಿಯವರು ಮೊದಲ ಕೇಳಿದ್ದು, ನಿನ್ನ ಹಿಂದ ಯಾರು ಕುಂತಿದ್ರು ಅಂತ."

"ಯಾರು ಕುಂತಿದ್ರು?"

"ಕೋಳಿ ಬುಟ್ಟಿ ಇತ್ರಿ. ಕ್ಲೇಮ್ ಆಗಲಿಲ್ಲ."

ನಾನು ಹೆದರಿದೆ ಎಂದುಕೊಂಡಿರಾ? ಇಲ್ಲ, ಆನಂದದಿಂದ ಉಬ್ಬಿಹೋದೆ! ನನ್ನ ಹಿಂದೆ ಲೈಸೆನ್ಸ್ ಇದ್ದವರು ಕೂರಲೇಬೇಕು. ಮನೆಯಲ್ಲಿ ಲೈಸೆನ್ಸ್ ಇರುವುದು ಯಾರಿಗೆ? ಅಂದರೆ ಮಧುಮತಿ ನನ್ನ ಹಿಂದೆ ಕೂರಬೇಕೆಂದು ಭಾರತ ಸರ್ಕಾರವೇ ಆಜ್ಞೆ ಮಾಡಿದಂತಾಯಿತು. ಇನ್ನೇನು ಬೇಕು? ಹಾಗಾಗಿ, "ಗಾಡಿ ಭಾಭಿ ಹೆಸರಿಲೆ ಮಾಡೋಣ, ವಿಮಾ ಪಕ್ಕಾ ಆಗತದ," ಎಂದು ಆಫ್ತಾಬ ಹೇಳಿದಾಗ ಉದಾರವಾಗಿ ತಲೆಯಾಡಿಸಿದೆ. ಹೆಸರು ಯಾರದಿದ್ದರೇನು, ಹ್ಯಾಂಡಲ್ಲು ನನ್ನ ಕೈಯಲ್ಲಿದ್ದರೆ ಸಾಕು.

"ನಾಮಿನಿ ಯಾರ ಹೆಸರು ಬರೀಲಿ ಭಾಭಿ? ಅಣ್ಣಾರದಾ?"

ನಾನು ಸಂಕೋಚದಿಂದ ಕಾಲರ್ ಸರಿಮಾಡಿಕೊಂಡೆ.

"ಬ್ಯಾಡ. ನನ್ನ ತಮ್ಮ ಪೀರಪ್ಪಂದು ಬರಿ," ಎಂದಳು.

"ಏನು? ಗಂಡ ಗುಂಡುಕಲ್ಲಿನಂಗ ಕುಂತೇನಿ, ನಾಮಿನಿ ಆ ಪೀರ್ಯಾನ?"

"ಯಾಕ್ ಒದರ್ತೀರಿ? ನೀವು ಗಾಡಿ ಮ್ಯಾಲ ನನ್ನ ಜೋಡಿನೇ ಇರ್ತೀರಿ. ನನಗೇನರ ಆತಂದ್ರ ನಿಮಗೂ ಆಗಿರ್ತದ. ರೊಕ್ಕಾ ತಗೊಳಾಕ ಯಾರರ ಗಟ್ಟಿಮುಟ್ಟ ಇರಬೇಕಿಲ್ಲೋ?"

ಆಫ್ತಾಬ, "ಕ್ಯಾ ಬಾತ್ ಹೈ ಭಾಭಿ!" ಎಂದು ಬರೆದೇಬಿಟ್ಟ.

ಬೈಕು ಮನೆಗೆ ಬಂದ ದಿನ ಓಣಿಗೆ ಓಣಿಯೇ ನೆರೆಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, "ಏರ್ರಿ ಜಗದೇವಣ್ಣಾ," ಎಂದರು. ಹೆಲ್ಮೆಟ್ ಹಾಕಿ, ಕಾಲೆತ್ತಿ ಏರಿದೆ. ಬೈಕನ್ನು ನೆಟ್ಟಗೆ ಮಾಡಿ ಎರಡೂ ಕಾಲು ಕೆಳಗೆ ಬಿಟ್ಟೆ. ಬಿಟ್ಟ ಕಾಲು ಹೋಗುತ್ತಲೇ ಇದ್ದವು. ನೆಲ ಸಿಗಲಿಲ್ಲ. ಇನ್ನೂ ಸ್ವಲ್ಪ ಚಾಚಿದೆ. ಇಲ್ಲ, ಆಳಂದದ ನೆಲ ಇದ್ದ ಕಡೆ ಇರಲಿಲ್ಲ! ನಾನು, ಬೈಕು ಇಬ್ಬರೂ ಬಹಳ ನಿಧಾನವಾಗಿ, ಗಾಂಭೀರ್ಯದಿಂದ ಬಲಕ್ಕೆ ವಾಲತೊಡಗಿದೆವು. ಮಧುಮತಿ ಒಂದು ಕೈಯಲ್ಲಿ ಆರತಿ ತಟ್ಟೆ ಹಿಡಿದೇ ಇನ್ನೊಂದು ಕೈಯಿಂದ ಹ್ಯಾಂಡಲ್ಲು ಹಿಡಿದು ನಮ್ಮಿಬ್ಬರನ್ನೂ ನೆಟ್ಟಗೆ ನಿಲ್ಲಿಸಿದಳು.

"ಶೋರೂಮಿನ್ಯಾಗ ಮುಟ್ಟಿದ್ವಲ್ಲ!" ಎಂದು ಚೀರಿದೆ.

"ಅದು ಹಲಗಿ. ನಾ ಆಗೇ ನೋಡೇನಿ."

"ಮತ್ತ ಹೇಳಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ಮುಟ್ಟತಾವ ಅಂತ ನೀವೇ ಹೇಳಿದ್ರಿ."

ಓದುಗರೇ, ಪ್ರತಿಜ್ಞೆ ಮಾಡಿದ ಗಂಡಸು ಇಂಥದಕ್ಕೆಲ್ಲ ಹಿಂಜರಿಯುವುದಿಲ್ಲ. ಉಪಾಯ ನಮ್ಮ ಮನೆಯ ಮುಂದೆಯೇ ಇತ್ತು: ಕಟ್ಟೆ! ಬೈಕನ್ನು ಕಟ್ಟೆಗೆ ಒತ್ತಿ ನಿಲ್ಲಿಸಿ, ಕಟ್ಟೆಯ ಮೇಲಿಂದ ಅಶ್ವಾರೋಹಣ. ಹೊರಟ ಮೇಲೆ ಸೈಕಲ್ ಕಲಿತವನಿಗೆ ಬ್ಯಾಲೆನ್ಸ್ ಕಷ್ಟವೇ? ಮಧುಮತಿ ಹಿಂದಿದ್ದರೆ ನಿಲ್ಲಿಸುವುದಕ್ಕೂ ತೊಂದರೆಯಿಲ್ಲ. ಅವಳು ತನ್ನ ಉದ್ದನೆಯ ಕಾಲು ಇಳಿಬಿಟ್ಟು ಹೆಬ್ಬೆರಳಿನಲ್ಲಿ ಗಾಡಿಯನ್ನು ತಡೆದು ಹಿಡಿಯುತ್ತಿದ್ದಳು. ಆದರೆ ಸೊಂಟಕ್ಕೆ ಕೈ ಹಾಕಿ ಕೂತ ಗುರು "ಗೇರ್ ಇಳಸ್ರಿ, ಕಣ್ಣು ತಗೀರಿ" ಎಂದು ಕಿವಿಯಲ್ಲಿ ಕೂಗುವಾಗ ನಾನು ಮುಂದಿದ್ದೇನೆ ಎಂಬ ಸುಖ ಪೂರ್ತಿ ದಕ್ಕುತ್ತಿರಲಿಲ್ಲ. ಅವಳು ಕಾಲು ಊರುವುದೂ ಬೇಡ ಎಂದು ಹಟ ಹಿಡಿದೆ. ಕಟ್ಟೆ ಕಂಡಲ್ಲಿ ಮಾತ್ರ ನಿಲ್ಲಿಸತೊಡಗಿದೆ.

ಹೀಗೆ ಆಳಂದದಿಂದ ನರೋಣಾದವರೆಗಿನ ಎಲ್ಲ ಕಟ್ಟೆಗಳ ಪರಿಚಯ ನನಗಾಯಿತು. ಊರ ಬಾಗಿಲಲ್ಲಿರುವ ಅಗಸಿಯ ಕಟ್ಟೆ ಎಡಗಾಲಿಗೆ ಸರಿ. ಬೇವಿನ ಮರದ ಕಟ್ಟೆ ಸ್ವಲ್ಪ ತಗ್ಗು. ನರೋಣಾ ಬಸ್ ತಂಗುದಾಣದ ಕಟ್ಟೆಯಂತೂ ನನಗೆಂದೇ ಕಟ್ಟಿದಂತಿತ್ತು. ಅಗಸಿಯ ಕಟ್ಟೆಯ ಮೇಲೆ ಯಾವಾಗಲೂ ಕೂತಿರುವ ಹಣಮವ್ವ ದೂರದಿಂದಲೇ ನನ್ನನ್ನು ಕಂಡು, "ಜಗದೇವ ಬಂದ, ಕಾಲು ತಗೀರಿ, ಕಾಲು ತಗೀರಿ!" ಎಂದು ಎಲೆಅಡಿಕೆ ಚೀಲ ಎಳೆದುಕೊಳ್ಳುತ್ತಿದ್ದಳು. ಒಮ್ಮೆ ಹಾಲು ತರಲು ಹೊರಟೆವು. ಡೇರಿಯ ಮುಂದೆ ಕಟ್ಟೆಯಿರಲಿಲ್ಲ. ಅದರ ಸುತ್ತ ಪ್ರದಕ್ಷಿಣೆ ಹಾಕಿ ಬರಿಗೈಯಲ್ಲಿ ಮನೆಗೆ ಬಂದೆವು. ಅವತ್ತು ಮಧುಮತಿ ಕರಿ ಚಹಾ ಕುಡಿಯುತ್ತ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಪಂಚಮಿಯ ಹಿಂದಿನ ದಿನ ಊರ ಹೊರಗಿನ ಮೈದಾನದಲ್ಲಿ ಲೈಸೆನ್ಸ್ ಟೆಸ್ಟ್. ಪಾಸಾದರೆ ಮರುದಿನವೇ ಎಲ್ ಬೋರ್ಡು ಕಿತ್ತೆಸೆದು, ಗುರುವಿಲ್ಲದ ಹಿಂದಿನ ಸೀಟಿನಲ್ಲಿ ಬರಿಯ ಹೆಂಡತಿಯನ್ನು ಕೂರಿಸಿಕೊಂಡು ಅಫಜಲಪುರಕ್ಕೆ ದಿಗ್ವಿಜಯ. ಮಧುಮತಿ, ಆಫ್ತಾಬ ಇಬ್ಬರೂ ಜೊತೆಗೆ ಬಂದಿದ್ದರು. ಇನ್ಸ್‌ಪೆಕ್ಟರ್ ಸಾಹೇಬರು ಬೇವಿನ ನೆರಳಲ್ಲಿ ಮೇಜು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಸುಣ್ಣದಲ್ಲಿ ದೊಡ್ಡ ಎಂಟು ಬರೆದಿತ್ತು.

"ಎಂಟು ಹೊಡೀಬೇಕು. ಕಾಲು ನೆಲಕ್ಕ ಹತ್ತಿದ್ರ ಫೇಲ್," ಎಂದರು.

ನನಗೆ ನಗು ಬಂತು. ನನ್ನ ಕಾಲು! ನೆಲಕ್ಕೆ!

ನನಗಿಂತ ಮುಂಚಿನವರೆಲ್ಲ ತಿರುವಿನಲ್ಲಿ ಕಾಲು ಊರಿ ಫೇಲಾದರು. ನನ್ನ ಸರದಿ ಬಂತು. ಆಫ್ತಾಬ ಹಿಡಿದುಕೊಂಡ, ಏರಿದೆ, ಹೊರಟೆ. ಒಂದು ಎಂಟು, ಅದರ ಮೇಲೆ ಇನ್ನೊಂದು ಎಂಟು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ! ಸಾಹೇಬರು ಕುರ್ಚಿ ಬಿಟ್ಟು ಎದ್ದು ಬಂದರು. "ನೋಡ್ರಿಲೇ, ಇವರನ್ನ ನೋಡಿ ಕಲೀರಿ. ಕಾಲು ಅಲ್ಲಾಡವಲ್ವು," ಎಂದು ಫೇಲಾದವರಿಗೆಲ್ಲ ತೋರಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ಪೀರಪ್ಪ ಇರಬೇಕಿತ್ತು ನೋಡಲು.

"ಶಾಭಾಷ್! ಪಾಸ್! ಸಾಕು ನಿಲ್ಲಸ್ರಿ," ಎಂದರು ಸಾಹೇಬರು.

ನಿಲ್ಲಿಸುವುದೇ? ಎಲ್ಲಿ? ಸುತ್ತ ನೋಡಿದೆ. ಆ ಒಂದು ಬೇವು ಬಿಟ್ಟರೆ ಬಟಾಬಯಲು. ಒಂದು ಕಟ್ಟೆ ಇಲ್ಲ, ಕಲ್ಲಿಲ್ಲ, ದಿಬ್ಬವಿಲ್ಲ! ಮತ್ತೊಂದು ಎಂಟು ಹೊಡೆದೆ.

"ಸಾಕ್ರೀ, ನಿಲ್ಲಸ್ರಿ!"

"ನಿಲ್ಲಸ್ತೇನ್ರಿ ಸಾಹೇಬ್ರ, ಜರಾ ತಡೀರಿ!" ಇನ್ನೊಂದು ಎಂಟು. ಮಧುಮತಿ ನನ್ನ ಕಡೆಗೆ ಓಡಿಬರುವುದು ಕಂಡಿತು. ಛೆ, ಇಷ್ಟು ಮಂದಿಯ ಮುಂದೆ ಹೆಂಡತಿಯ ಕೈಯಿಂದ ನಿಲ್ಲಿಸಿಕೊಳ್ಳುವುದೇ? ಅದೇ ಗಳಿಗೆಯಲ್ಲಿ ಇಡೀ ಮೈದಾನದಲ್ಲಿ ಎತ್ತರವಾದ ಏಕೈಕ ಆಸನ ಕಣ್ಣಿಗೆ ಬಿತ್ತು: ಸಾಹೇಬರು ಬಿಟ್ಟೆದ್ದ ಪ್ಲಾಸ್ಟಿಕ್ ಕುರ್ಚಿ. ಸೀದಾ ಅದರ ಬಗಲಿಗೆ ಹೋಗಿ, ಬ್ರೇಕ್ ಹಿಡಿದು, ಎಡಗಾಲನ್ನು ಅದರ ಮೇಲೆ ರಾಜಗಾಂಭೀರ್ಯದಿಂದ ಇಟ್ಟೆ.

ಕುರ್ಚಿಯ ಕಾಲುಗಳು ನಾಲ್ಕು ದಿಕ್ಕಿಗೆ ಹೋದವು. ನಾನು ಮೇಜಿನ ಮೇಲೆ, ಮೇಜು ನೆಲದ ಮೇಲೆ, ಅರ್ಜಿಗಳು ಗಾಳಿಯಲ್ಲಿ. ಬೈಕು ನನ್ನ ಪಕ್ಕದಲ್ಲಿ ಮಲಗಿ ಚಕ್ರ ತಿರುಗಿಸುತ್ತಿತ್ತು.

ಸಾಹೇಬರು ಹಾರುವ ಅರ್ಜಿಗಳ ಹಿಂದೆ ಓಡಿದರು. ಮಧುಮತಿ ಬಂದು ಮೊದಲು ಬೈಕನ್ನು ಎತ್ತಿದಳು. (ಹೌದು, ಮೊದಲು ಬೈಕನ್ನು.) ಅದರ ಮೇಲೆ ಕಾಲು ಹಾಕಿ ಕೂತಳು. ಅವಳ ಎರಡೂ ಪಾದ ನೆಲದ ಮೇಲೆ ಪೂರ್ತಿಯಾಗಿ ಊರಿದವು. ಗಾಡಿಗೆ ಏನಾದರೂ ಆಗಿದೆಯೋ ಎಂದು ಒಂದು ಎಂಟು ಹೊಡೆದು ನೋಡಿ, ಸಾಹೇಬರ ಮುಂದೆ ತಂದು ನಿಲ್ಲಿಸಿದಳು.

"ಗಾಡಿ ಯಾರದು?" ಎಂದು ಕೇಳಿದರು ಸಾಹೇಬರು.

"ನಂದೇ ರೀ ಸರ್."

"ಹಂಗಾರ ಇವರು ಯಾಕ ಬಂದಾರ?"

ನಾನು ಅಂಗಿಯ ಧೂಳು ಝಾಡಿಸತೊಡಗಿದೆ. ಪಾಸ್ ಎಂದು ಬಾಯಲ್ಲಿ ಹೇಳಿದ್ದನ್ನು ಸಾಹೇಬರು ಕಾಗದದಲ್ಲಿ ಫೇಲ್ ಎಂದು ಬರೆದರು. ಆಫ್ತಾಬ ಮಾತ್ರ ಮುರಿದ ಕುರ್ಚಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಫಿಕರ್ ಮಾಡಬ್ಯಾಡ್ರಿ ಅಣ್ಣಾ, ಇದು ಥರ್ಡ್ ಪಾರ್ಟಿಯೊಳಗ ಬರ್ತದ," ಎಂದು ಸಮಾಧಾನ ಹೇಳಿದ.

ಮರುದಿನ ಪಂಚಮಿ. ನಾನು ಬಸ್ಸಿಗೆ ಬರುತ್ತೇನೆ ಎಂದೆ. "ಮನ್ಯಾಗ ಗಾಡಿ ಇಟ್ಕೊಂಡು ಬಸ್ಸ್ಯಾಕ? ಹತ್ರಿ," ಎಂದಳು. ಹಿಂದಿನ ಸೀಟು ಮುಂದಿನದಕ್ಕಿಂತ ಎತ್ತರ. ಕಟ್ಟೆಯ ಮೇಲಿಂದಲೇ ಹತ್ತಿದೆ. ಹೊರಡುವಾಗ ಆಫ್ತಾಬ ಓಡಿಬಂದು ಪಾಲಿಸಿಯ ಹೊಸ ಝೆರಾಕ್ಸ್ ಮಧುಮತಿಯ ಕೈಗಿಟ್ಟ. "ನಿನ್ನೀದು ನೋಡಿ ಭಾಭಿ ಹೇಳಿದ್ರು, ಹಿಂದ ಕುಂದ್ರವ್ರಿಗೂ ವಿಮಾ ಹಾಕಿಸೇನಿ ಅಣ್ಣಾ." ನನ್ನ ಮನಸ್ಸು ಕರಗಿತು. ಅಂತೂ ಆ ಕಾಗದದೊಳಗೆ ನಾನೂ ಸೇರಿದೆನಲ್ಲ!

ಅವಳು ಓಡಿಸಿದಳು. ಎಲ್ಲಿಯೂ ಕಟ್ಟೆ ಹುಡುಕಲಿಲ್ಲ. ಬೇಕೆಂದಲ್ಲಿ ನಿಲ್ಲಿಸಿದಳು, ಚಹಾ ಕುಡಿಸಿದಳು. ನಿಜ ಹೇಳಬೇಕೆಂದರೆ ಸುಖವಾಗಿತ್ತು. ಅಫಜಲಪುರದ ಓಣಿ ಬಂದಾಗ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೆ. ಪೀರಪ್ಪ ಬಾಗಿಲಲ್ಲೇ ನಿಂತಿದ್ದ. ಮಧುಮತಿ ಬೈಕನ್ನು ತವರಿನ ಕಟ್ಟೆಗೆ ಒಂದು ಬೆರಳಿನ ಅಂತರದಲ್ಲಿ ತಂದು ನಿಲ್ಲಿಸಿದಳು, ನಾನು ಮರ್ಯಾದೆಯಿಂದ ಇಳಿಯಲಿ ಎಂದು. ನಾನು ಅರಸನಂತೆ ಕಟ್ಟೆಯ ಮೇಲೆ ಕಾಲಿಟ್ಟೆ. ಪೀರಪ್ಪ ಬಾಯಿ ತೆರೆದ. ಕಣ್ಣು ಮುಚ್ಚಿಕೊಂಡೆ.

ಅವನು ಪಾರ್ಸಲ್ ಅನ್ನಲಿಲ್ಲ! ಬೈಕು ನೋಡಿ ದಂಗಾಗಿ, "ಅಬಾಬಾಬಾ!" ಎಂದಷ್ಟೇ ಅಂದ. ಭಾಗಮ್ಮ "ಅಳಿಯಂದ್ರ, ಒಳಗ ಬರ್ರಿ" ಎಂದು ಕರೆದು ಉಂಡೆ ಕೊಟ್ಟರು. ಈ ಸಲ ಸರಾಗವಾಗಿ ಗಂಟಲಲ್ಲಿ ಇಳಿಯಿತು. ಪ್ರತಿಜ್ಞೆ ಹೇಗೋ ಒಂದು ರೀತಿಯಲ್ಲಿ ಈಡೇರಿತಲ್ಲ ಎಂದು ಜೋಕಾಲಿಯ ಮೇಲೆ ಕಾಲು ಆಡಿಸುತ್ತ ಕೂತೆ. (ಅಲ್ಲಿಯೂ ಅವು ನೆಲ ಮುಟ್ಟುತ್ತಿರಲಿಲ್ಲ.)

ಮಧುಮತಿ ತಮ್ಮನಿಗೆ ಪಾಲಿಸಿಯ ಝೆರಾಕ್ಸ್ ಕೊಟ್ಟು, "ನಾಮಿನಿ ನೀನ ಇದ್ದಿ, ಜ್ವಾಕಿಯಿಂದ ಇಡು," ಎಂದಳು. ಅವನು ಕಟ್ಟೆಯ ಮೇಲೆ ಕೂತು ಒಂದೊಂದೇ ಸಾಲು ಓದಿದ.

"ಮಾಲಕರು, ಅಕ್ಕ. ನಾಮಿನಿ, ನಾನು. ಮಾವಾ, ನೀವೆಲ್ಲಿ ಇದ್ದೀರಿ?"

"ಕೆಳಗ ನೋಡು. ಹಿಂದ ಕುಂದ್ರವ್ರ ವಿಮಾ ಅಂತ ಇರಬೇಕು," ಎಂದೆ ಎದೆಯುಬ್ಬಿಸಿ.

ಪೀರಪ್ಪ ಕೆಳಗೆ ನೋಡಿದ. ಆಮೇಲೆ ಜೋರಾಗಿ ಓದಿದ: "ಹೆಸರಿಲ್ಲದ ಹಿಂಬದಿ ಸವಾರ, ಒಬ್ಬ."

"ಅದು ಹಂಗೇ ಬರೀತಾರಂತ," ಎಂದಳು ಮಧುಮತಿ. "ಹಿಂದ ಯಾರು ಕುಂತ್ರೂ ನಡೀತದ."

ಪೀರಪ್ಪ ಕಾಗದ ಮಡಚಿ ಜೇಬಿಗಿಟ್ಟುಕೊಂಡು ನನ್ನ ಹತ್ತಿರ ಬಂದ. ಎಂದೂ ಇಲ್ಲದ ಗೌರವದಿಂದ ನನ್ನ ಎರಡೂ ಕೈ ಹಿಡಿದುಕೊಂಡ.

"ತಪ್ಪಾತ್ರಿ ಮಾವಾ. ಇವತ್ತಿನಿಂದ ನಾ ನಿಮಗ ಪಾರ್ಸಲ್ ಅನ್ನಂಗಿಲ್ಲ," ಎಂದ. "ಪಾರ್ಸಲ್ ಮ್ಯಾಲ ಹೆಸರರ ಬರ್ದಿರ್ತದ."